ಮರಿಂಬಾ ಹೊರುವ ಲಾರಿ

ಅಮೆರಿಕದ ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡುಗಳಿಗೆ ಶರತ್ಕಾಲದ ಶನಿವಾರವೆಂದರೆ ಸ್ಪರ್ಧೆಯ ದಿನ. ಮಕ್ಕಳೇನೋ ಹಳದಿ ಬಸ್ಸು ಹತ್ತುತ್ತಾರೆ. ಸೂಸಾಫೋನು, ಟಿಂಪನಿ, ಮರಿಂಬಾದಂಥ ದೊಡ್ಡ ವಾದ್ಯಗಳು, ಮೈದಾನದ ರಂಗಸಜ್ಜಿಕೆ ಇವಕ್ಕೆಲ್ಲ ಲಾರಿಯೇ ಆಗಬೇಕು. ಅದನ್ನು ಹುಡುಕುವ ಕೆಲಸ ಬೀಳುವುದು ಬ್ಯಾಂಡ್ ಬೂಸ್ಟರ್ಸ್ ಎಂಬ ಪೋಷಕರ ಸಂಘದ ಹೆಗಲಿಗೆ. ಸುಲಭದ ದಾರಿ 26 ಅಡಿಯ ಬಾಡಿಗೆ ಟ್ರಕ್ಕು. ಅದರ ಒಟ್ಟು ತೂಕದ ಮಿತಿ, ವಾಣಿಜ್ಯ ಲೈಸೆನ್ಸ್ ಕೇಳುವ 26,001 ಪೌಂಡ್ ಮುಟ್ಟದಿರುವುದರಿಂದ ಮಾಮೂಲಿ ಲೈಸೆನ್ಸ್ ಇರುವ ಯಾವ ಅಪ್ಪನಾದರೂ ಓಡಿಸಬಹುದು. ಬ್ಯಾಂಡು ದೊಡ್ಡದಾದರೆ 53 ಅಡಿಯ ಟ್ರೇಲರೇ ಗತಿ. ಸಾಗಣೆ ಕಂಪನಿಗಳು ಕೈಬಿಟ್ಟ ಹಳೆಯ ಟ್ರೇಲರನ್ನು ಹೇಗೋ ಕೊಂಡರೂ, ಎಳೆಯಲು ಮುಂದಿನ ಗಾಡಿ, ಓಡಿಸಲು ವಾಣಿಜ್ಯ ಲೈಸೆನ್ಸಿನ ಚಾಲಕ ಬೇಕಲ್ಲ! (ಲಾರಿ ಓಡಿಸುವ ಅಪ್ಪನೋ ಅಮ್ಮನೋ ಇರುವ ಮಗು ಟ್ರಂಪೆಟ್ಟನ್ನು ಹೇಗೆ ಊದಿದರೂ ಬ್ಯಾಂಡಿಗೆ ಸ್ವಾಗತ.) ಕೊಳ್ಳುವವರು ಬೆಲೆಗಿಂತ ಮೊದಲು ನೆಲ ನೋಡಬೇಕು ಎಂಬುದು ನನ್ನ ಮತ. ಸಾಮಾನ್ಯ ಟ್ರೇಲರಿನ ನೆಲ ರಸ್ತೆಯಿಂದ ಸುಮಾರು ನಾಲ್ಕಡಿ ಮೇಲೆ. ಗೋದಾಮಿನ ಕಟ್ಟೆಗೆ ಸರಿಸಮ ನಿಲ್ಲಲಿ ಅಂತ. ಶಾಲೆಯ ಮೈದಾನದಲ್ಲಿ ಅಂಥ ಕಟ್ಟೆ ಎಲ್ಲಿಂದ ಬರಬೇಕು? ಚಕ್ರದ ಚೌಕಟ್ಟಿನ ಮೇಲೆ ಕೂತ ಮರಿಂಬಾ ಇಳಿಸಲು ಉದ್ದನೆಯ ಇಳಿಜಾರು ಹಲಗೆಯೋ ಸಾಮಾನನ್ನು ಏರಿಸಿ ಇಳಿಸುವ ಲಿಫ್ಟ್‌ಗೇಟೋ ಬೇಕು. ಮನೆಸಾಮಾನು ಸಾಗಿಸುವ ಟ್ರೇಲರುಗಳ ನೆಲ ತಗ್ಗು, ಪಕ್ಕದಲ್ಲೂ ಬಾಗಿಲು, ಜೊತೆಗೆ ಕುಲುಕಾಟ ತಡೆಯುವ ಏರ್ ಸಸ್ಪೆನ್ಷನ್. ಬ್ಯಾಂಡಿನವರು ಅವನ್ನೇ ಅರಸುವುದು ಅದಕ್ಕೇ. ಒಳಗೆ ಕಪಾಟು ಹೊಡೆಸುವ ಖರ್ಚು ಬೇರೆ. ದುಡ್ಡು ಸಾಲದಿದ್ದರೆ ಟ್ರೇಲರಿನ ಮೈಮೇಲೆ ಊರಿನ ಅಂಗಡಿಗಳ ಜಾಹೀರಾತು ಬರೆಸುವುದೂ ಉಂಟು.