ಕಣದ ಬಿಸಿಲು, ಎಣ್ಣೆ ಮುಖ, ಎರಡು ಬೆರಳು ಕ್ರೀಮ್

ಕಳಸದಲ್ಲಿ ಸನ್‌ಸ್ಕ್ರೀನ್ ಬೇಕಾ ಅಂತ ಎರಡು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ನಕ್ಕುಬಿಡ್ತಿದ್ದೆ. ತೋಟ ಅಂದರೇ ನೆರಳು. ಸಿಲ್ವರ್ ಓಕ್, ಹಲಸು, ಅತ್ತಿ ಮರದ ಕೆಳಗೆ ಕಾಫಿ, ಕಾಫಿ ಸಾಲಿನ ಮಧ್ಯೆ ನಾವು. ಬೆಳಿಗ್ಗೆ ಮಂಜು, ಆರು ತಿಂಗಳು ಮೋಡ. ಅದೆಲ್ಲ ಬೀಚಿಗೆ ಹೋಗೋರ ಸಾಮಾನು ಅಂದುಕೊಂಡಿದ್ದೆ.

ನನ್ನ ಲೆಕ್ಕ ತಪ್ಪಿದ್ದು ಕಣದಲ್ಲಿ. ಡಿಸೆಂಬರ್, ಜನವರಿಯಲ್ಲಿ ಹಣ್ಣು ಕೊಯ್ದು ತಂದು ಸಿಮೆಂಟಿನ ಕಣದಲ್ಲಿ ಹರಡಿದ ಮೇಲೆ ದಿನಕ್ಕೆ ಎಷ್ಟೋ ಸಲ ತಿರುವಿ ಹಾಕಬೇಕು. ಅಲ್ಲಿ ನೆರಳಿರೋ ಹಾಗಿಲ್ಲ, ಇದ್ದರೆ ಕಾಫಿ ಒಣಗೋದಿಲ್ಲ. ವರ್ಕ್ ಫ್ರಮ್ ಹೋಮ್ ಅಂತ ಊರಲ್ಲಿದ್ದ ನಾನು ಮೀಟಿಂಗ್ ಮಧ್ಯೆ ಹೋಗಿ ಅರ್ಧ ಗಂಟೆ ಕೈ ಸೇರಿಸ್ತಿದ್ದೆ. ಅಮ್ಮ ಮಾತ್ರ ಮೂವತ್ತು ವರ್ಷದಿಂದ ಅಲ್ಲೇ ಇದ್ದಾಳೆ.

ಅಮ್ಮನ ಎರಡೂ ಕೆನ್ನೆ ಮೇಲೆ ಬಂಗು ಇದೆ. ನಾನು ಹೈಸ್ಕೂಲಲ್ಲಿ ಇದ್ದಾಗಿನಿಂದ ಇದೆ, ಹಾಗಾಗಿ ನೋಡೋದನ್ನೇ ಬಿಟ್ಟಿದ್ದೆ. ಆ ಜನವರಿಯಲ್ಲಿ ಒಂದು ಸಂಜೆ ಅವಳು ಕಣದಿಂದ ಬಂದಾಗ ಮುಖ ಕೆಂಪಗೆ ಉರೀತಾ ಇತ್ತು. ಕೆನ್ನೆಯಲ್ಲಿ ಸಣ್ಣ ರಕ್ತನಾಳಗಳು ಎಳೆ ಎಳೆಯಾಗಿ ಕಾಣ್ತಿದ್ದವು. 'ಏನು ಹಚ್ಚುತ್ತೀಯ?' ಅಂದೆ. ಪಕ್ಕದ ಮನೆಯವರು ಹೇಳಿದ ಕ್ರೀಮ್ ಅಂತ ಒಂದು ಸಣ್ಣ ಟ್ಯೂಬ್ ತಂದು ಕೊಟ್ಟಳು. ಮೆಡಿಕಲ್ ಶಾಪಲ್ಲಿ ಚೀಟಿ ಕೇಳದೆ ಕೊಡ್ತಾರಂತೆ. ಮೂರು ವರ್ಷದಿಂದ ಪ್ರತಿ ರಾತ್ರಿ ಹಚ್ಚುತ್ತಿದ್ದಾಳೆ.

ಟ್ಯೂಬ್ ಹಿಂದಿನ ಸಣ್ಣ ಅಕ್ಷರ ಓದಿದೆ: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಒಂದು ಸ್ಟೀರಾಯ್ಡ್. ಚರ್ಮದ ಡಾಕ್ಟರು ಕೆಲವು ವಾರಕ್ಕೆ ಅಂತ ಬರೆದು ಕೊಡೋ ಔಷಧಿ ಇದು, ವರ್ಷಗಟ್ಟಲೆ ಹಚ್ಚೋದಲ್ಲ. ಹಚ್ಚಿದರೆ ಮೊದಲು ಬೆಳ್ಳಗಾಗುತ್ತೆ, ಆಮೇಲೆ ಚರ್ಮ ತೆಳುವಾಗುತ್ತೆ, ಬಿಸಿಲಿಗೆ ಉರಿಯುತ್ತೆ, ಬಿಟ್ಟ ತಕ್ಷಣ ಇನ್ನೂ ಕೆಂಪಾಗುತ್ತೆ. ಬಿಡೋಕೆ ಭಯವಾಗಿ ಜನ ಮತ್ತೆ ಅದನ್ನೇ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು. ಕಾಗದದಲ್ಲಿ ಹಾಗಿದೆ.

ಚಿಕ್ಕಮಗಳೂರಿಗೆ ಕರ್ಕೊಂಡು ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆ. ಅವರು ಆ ಕ್ರೀಮ್ ಹೇಗೆ ನಿಲ್ಲಿಸಬೇಕು ಅಂತ ಬರೆದು ಕೊಟ್ಟರು. (ನಿಮ್ಮ ಮನೆಯಲ್ಲೂ ಯಾರಾದರೂ ಹಚ್ಚುತ್ತಿದ್ದರೆ ನೀವೇ ಕಿತ್ತು ಬಿಸಾಡಬೇಡಿ, ಡಾಕ್ಟರನ್ನು ಕೇಳಿ.) ಆಮೇಲೆ ಒಂದು ಮಾತು ಹೇಳಿದರು: ಬಿಸಿಲು ತಡೆಯದೆ ಬಂಗಿಗೆ ಏನು ಹಚ್ಚಿದರೂ ತೂತಿನ ಕೊಡಕ್ಕೆ ನೀರು ಹುಯ್ದ ಹಾಗೆ.

ಅಲ್ಲಿಂದ ನನ್ನ ಓದು ಶುರುವಾಯ್ತು. ನಮ್ಮ ಕಡೆ ಮೋಸ ಆಗೋದು ತಣ್ಣನೆ ಗಾಳಿಯಿಂದ. ಸೆಕೆ ಇಲ್ಲ ಅಂದರೆ ಬಿಸಿಲೂ ಇಲ್ಲ ಅಂದುಕೊಳ್ತೀವಿ. ಆದರೆ ಅಲ್ಟ್ರಾವೈಲೆಟ್‌ಗೂ ಉಷ್ಣಾಂಶಕ್ಕೂ ಸಂಬಂಧ ಇಲ್ಲ. ಸಾವಿರ ಮೀಟರ್ ಮೇಲೆ ಹೋದರೆ ಅದು ಸುಮಾರು ಶೇ 10 ಜಾಸ್ತಿಯಾಗುತ್ತೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಜಾಕೆಟ್ ಹಾಕಿ ಹತ್ತಿ, ಮೂಗು ಸುಟ್ಟುಕೊಂಡು ಇಳಿಯೋರನ್ನು ನೋಡಿದ್ದೀರಲ್ಲ! ತೆಳು ಮೋಡ ಇದನ್ನು ತಡೆಯೋದಿಲ್ಲ. ಯುವಿಎ ಅನ್ನೋ ಭಾಗ ಕಿಟಕಿ ಗಾಜನ್ನೂ ದಾಟುತ್ತೆ. ಯುವಿ ಇಂಡೆಕ್ಸ್ 3 ದಾಟಿದರೆ ರಕ್ಷಣೆ ಬೇಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಆಪ್ ನೋಡೋಣ ಅಂದರೆ ನಮ್ಮ ಕಣದಲ್ಲಿ ನೆಟ್‌ವರ್ಕ್ ಸಿಗಲ್ಲ. ಅಮ್ಮನಿಗೆ ಸುಲಭದ್ದು ಹೇಳಿಕೊಟ್ಟೆ: ನಿನ್ನ ನೆರಳು ನಿನಗಿಂತ ಗಿಡ್ಡ ಇದ್ದರೆ ಬಿಸಿಲು ಜೋರಿದೆ ಅಂತ ಲೆಕ್ಕ.

ಈಗ ನನ್ನ ಮುಖದ ಕಥೆ. ನನ್ನದು ಎಣ್ಣೆ ಚರ್ಮ, ಮೊಡವೆ ಇನ್ನೂ ಬಿಟ್ಟಿಲ್ಲ. ಅಮ್ಮನಿಗೆ ಜೊತೆಯಾಗಲಿ ಅಂತ ನಾನೂ ಹಚ್ಚೋಕೆ ಶುರು ಮಾಡಿದೆ. ಮೊದಲು ತಂದದ್ದು ದಪ್ಪ ಲೋಷನ್, ಜಿಂಕ್ ಆಕ್ಸೈಡ್ ಇರೋದು. ಅಮ್ಮ ನೋಡಿ, 'ಎಂತ ಮಾರಾಯ, ಗೋಡೆಗೆ ಸುಣ್ಣ ಹೊಡೆದ ಹಾಗೆ ಕಾಣ್ತೀಯ' ಅಂದಳು. ಒಂದು ವಾರದಲ್ಲಿ ಹಣೆ ತುಂಬ ಸಣ್ಣ ಗುಳ್ಳೆ. ಎರಡನೆಯದು ಜೆಲ್, ಹಚ್ಚಿದ ತಕ್ಷಣ ಮಾಯ, ಹಗುರ. ಆದರೆ ಕೊಟ್ಟಿಗೆಹಾರದಲ್ಲಿ ಹಚ್ಚಿಕೊಂಡು ಚಾರ್ಮಾಡಿ ಘಾಟಿ ಇಳಿದರೆ ಉಜಿರೆ ಬರೋದರೊಳಗೆ ಬೆವರಿನ ಜೊತೆ ಕಣ್ಣಿಗೆ ಇಳಿದು ಉರಿ. ಮೂರನೆಯದರಲ್ಲಿ ನಿಂತೆ: ನೀರಿನಂಥ ಫ್ಲೂಯಿಡ್, ಸಿಲಿಕಾ ಇರೋದರಿಂದ ಎಣ್ಣೆ ಹೀರಿಕೊಳ್ಳುತ್ತೆ, ಡಬ್ಬಿ ಮೇಲೆ ವಾಟರ್ ರೆಸಿಸ್ಟೆಂಟ್ ಅಂತ ಇದೆ. ಬ್ರ್ಯಾಂಡ್ ಹೆಸರು ಹೇಳಲ್ಲ, ನನ್ನ ಮುಖಕ್ಕೆ ಆದದ್ದು ನಿಮ್ಮದಕ್ಕೆ ಆಗಬೇಕಂತಿಲ್ಲ. ಹೊಸದು ತಂದರೆ ದವಡೆ ಕೆಳಗೆ ಸ್ವಲ್ಪ ಹಚ್ಚಿ ಮೂರ್ನಾಲ್ಕು ದಿನ ನೋಡಿ. 'ನಾನ್ ಕಾಮಿಡೊಜೆನಿಕ್' ಅಂತ ಬರೆದದ್ದನ್ನು ಪೂರ್ತಿ ನಂಬಬೇಡಿ, ಆ ಪದ ಯಾರು ಬೇಕಾದರೂ ಬರೆದುಕೊಳ್ಳಬಹುದು.

ಎಸ್‌ಪಿಎಫ್ ನಂಬರಿಗೆ ದುಡ್ಡು ಸುರಿಯೋ ಮೊದಲು ಇದು ನೋಡಿ. 30 ಇದ್ದರೆ ಯುವಿಬಿಯ ಸುಮಾರು ಶೇ 97 ತಡೆಯುತ್ತೆ, 50 ಇದ್ದರೆ ಶೇ 98. ಬಂಗು ಇರೋರು ಪಿಎ ಪಕ್ಕದ ಪ್ಲಸ್ ಗುರುತು ಎಣಿಸಬೇಕು, ಅದು ಯುವಿಎ ಲೆಕ್ಕ. ನಮ್ಮಲ್ಲಿ ಸನ್‌ಸ್ಕ್ರೀನ್ ಔಷಧಿ ಅಲ್ಲ, ಕಾಸ್ಮೆಟಿಕ್. ನಿಯಮ ಬಿಗಿ ಇರೋ ಆಸ್ಟ್ರೇಲಿಯಾದಲ್ಲೇ 2025ರಲ್ಲಿ ಗ್ರಾಹಕರ ಸಂಸ್ಥೆ ಚಾಯ್ಸ್ 20 ಸನ್‌ಸ್ಕ್ರೀನ್ ಪರೀಕ್ಷೆ ಮಾಡಿಸಿದಾಗ 16 ಡಬ್ಬಿ ಮೇಲಿನ ನಂಬರ್ ಮುಟ್ಟಲಿಲ್ಲ. ಹಾಗಾಗಿ ನಾನು 50 ತಗೊಳ್ಳೋದು, ಸ್ವಲ್ಪ ಕಮ್ಮಿ ಬಿದ್ದರೂ ನಡೆಯಲಿ ಅಂತ.

ಆದರೆ ನಿಜವಾದ ಸೋರಿಕೆ ನಂಬರಲ್ಲಿ ಅಲ್ಲ, ನಮ್ಮ ಕೈಯಲ್ಲಿ. ಲ್ಯಾಬಿನಲ್ಲಿ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಪರೀಕ್ಷೆ ಮಾಡ್ತಾರೆ. ಮುಖ, ಕುತ್ತಿಗೆಗೆ ಅಂದರೆ ತೋರುಬೆರಳು, ಮಧ್ಯದ ಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿದಷ್ಟು, ಸುಮಾರು ಒಂದು ಗ್ರಾಂ. ದಿನಕ್ಕೆ ಒಂದೇ ಸಲ ಹಚ್ಚಿದರೂ 50 ಗ್ರಾಂ ಟ್ಯೂಬ್ 50 ದಿನಕ್ಕೆ ಖಾಲಿ ಆಗಬೇಕು. ನನ್ನ ಮೊದಲ ಟ್ಯೂಬ್ ನಾಲ್ಕು ತಿಂಗಳು ಬಂದಿತ್ತು. ಉಳಿತಾಯ ಅಂತ ಖುಷಿಪಟ್ಟಿದ್ದೆ! ಎಣ್ಣೆ ಮುಖದವರಿಗೆ ಎರಡು ಬೆರಳು ಒಟ್ಟಿಗೆ ಹಚ್ಚಿದರೆ ಜಿಡ್ಡು ಅನ್ನಿಸುತ್ತೆ. ಒಂದು ಬೆರಳಿನದು ಹಚ್ಚಿ, ಎರಡು ನಿಮಿಷ ಬಿಟ್ಟು ಇನ್ನೊಂದು ಹಚ್ಚಿ. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಆಗ ಬೆವರನ್ನು ಉಜ್ಜಬೇಡಿ, ಹತ್ತಿ ಬಟ್ಟೆ ಒತ್ತಿ ತೆಗೆದು ಹಚ್ಚಿ. ರಾತ್ರಿ ಫೇಸ್‌ವಾಶ್ ಹಾಕಿ ತೊಳೆಯಲೇಬೇಕು, ಮೊಡವೆಗೆ ಅರ್ಧ ಕಾರಣ ಅದನ್ನು ಬಿಡೋದು ಅಂತ ನನ್ನ ಅನುಭವ.

ಒಂದು ಉಪಕಥೆ. ನನ್ನ ಬಿಳಿ ಅಂಗಿಗಳ ಕಾಲರ್ ಒಗೆದ ಮೇಲೆ ತುಕ್ಕಿನ ಬಣ್ಣಕ್ಕೆ ತಿರುಗ್ತಿತ್ತು. ಬಾವಿ ನೀರನ್ನು ಬೈದೆವು, ಸೋಪು ಬದಲಾಯಿಸಿದೆವು. ಕೊನೆಗೆ ಗೊತ್ತಾಯ್ತು, ಅವೊಬೆನ್ಜೋನ್ ಅನ್ನೋ ಫಿಲ್ಟರ್ ನೀರಿನ ಕಬ್ಬಿಣದ ಜೊತೆ ಸೇರಿದರೆ ಹಾಗೆ ಕಲೆ ಕಟ್ಟುತ್ತೆ. ಈಗ ಕ್ರೀಮ್ ಒಣಗಿದ ಮೇಲೇ ಅಂಗಿ ಹಾಕೋದು.

ಅಮ್ಮನಿಗೆ ಡಾಕ್ಟರು ಹೇಳಿದ್ದು ಬಣ್ಣ ಇರೋ ಸನ್‌ಸ್ಕ್ರೀನ್. ಬಂಗನ್ನು ಕಣ್ಣಿಗೆ ಕಾಣೋ ಬೆಳಕೂ ಕಪ್ಪು ಮಾಡುತ್ತೆ, ನಮ್ಮಂಥ ಕಂದು ಚರ್ಮದವರಿಗೆ ಇನ್ನೂ ಜಾಸ್ತಿ. ಅದನ್ನು ತಡೆಯೋದು ಆ ಬಣ್ಣದಲ್ಲಿರೋ ಐರನ್ ಆಕ್ಸೈಡ್. ಮೊದಲು ತಂದ ಶೇಡ್ ಅವಳಿಗೆ ತುಂಬಾ ಬಿಳಿ, ಎರಡನೆಯದು ಸರಿ ಹೋಯ್ತು. ಮೇಲಿಂದ ಅಜ್ಜನ ಕಾಲದ ಹಾಳೆಟೊಪ್ಪಿ ಅಟ್ಟದಿಂದ ಇಳಿಯಿತು. ಕಾಫಿ ತಿರುವೋ ಕೆಲಸವನ್ನು ಹತ್ತು ಗಂಟೆಯೊಳಗೆ ಒಂದು ಸಲ, ಮೂರೂವರೆ ಮೇಲೆ ಒಂದು ಸಲ ಅವಳು, ನಡುವಿನದು ನಾನು ಅಂತ ಹಂಚಿಕೊಂಡೆವು.

ಕೆಂಪು ಇಳಿಯೋಕೆ ಐದು ತಿಂಗಳು ಹಿಡೀತು. ಬಂಗು ಹೋಗಿಲ್ಲ, ಅಂಚು ಮಾತ್ರ ಮಾಸಿದೆ. ಈಗ ಕಣದಲ್ಲಿ ಮೆಣಸು ಒಣಗ್ತಾ ಇದೆ. ನಿನ್ನೆ ಪಕ್ಕದ ಮನೆಯವರು ಬಂದಿದ್ದರು, ಅಮ್ಮ ಅವರನ್ನು ಜಗಲಿಯಲ್ಲಿ ಕೂರಿಸಿ, ಕನ್ನಡಕ ಹಾಕಿಕೊಂಡು ಅವರ ಟ್ಯೂಬಿನ ಹಿಂದಿನ ಸಣ್ಣ ಅಕ್ಷರ ಓದ್ತಾ ಇದ್ದಳು.