ಏಳು ಮನೆಯ ಬೆಕ್ಕು

ಮರಿ ಹಾಕಿದ ಬೆಕ್ಕು ಏಳು ಮನೆ ಸುತ್ತುತ್ತದೆ ಎನ್ನುತ್ತಾರೆ. ಏಳನ್ನೂ ಎಣಿಸಿದವರನ್ನು ನಾನು ಕಂಡಿಲ್ಲ, ಆದರೆ ಮಾತು ಸುಳ್ಳಲ್ಲ. ಗಂಡುಬೆಕ್ಕಿನ ವಾಸನೆ ಬಂತೋ, ಮಳೆನೀರು ಸೋರಿತೋ, ಯಾರಾದರೂ ಎರಡು ಸಲ ಇಣುಕಿದರೋ, ತಾಯಿ ಜಾಗ ಬದಲಿಸಿಬಿಡುತ್ತದೆ. ಬಾಯಲ್ಲಿ ಕಚ್ಚಿಕೊಂಡು ಹೋಗುವುದು ಒಂದು ಸಲಕ್ಕೆ ಒಂದೇ ಮರಿ. ನಾಲ್ಕಿದ್ದರೆ ನಾಲ್ಕು ಸುತ್ತು. ಕೊನೆಯದು ಅಷ್ಟು ಹೊತ್ತೂ ಮೆಟ್ಟಿಲ ಕೆಳಗೆ ಒಂಟಿಯಾಗಿ ಕಿರುಚುತ್ತಿರುತ್ತದೆ. ಆಗಲೇ ಕರುಣೆಯುಳ್ಳವರೊಬ್ಬರು ಆ ದಾರಿಯಲ್ಲಿ ಬರುತ್ತಾರೆ.

ಅಂಬಿಕಾನಗರದ ಒಂದು ಮಳೆಗಾಲದಲ್ಲಿ ಹಾಗೆ ಬಂದವನು ನಾನೇ. ಕಣ್ಣು ಬಿಡದ ಮರಿ, ಅಂಗೈಯಲ್ಲಿ ಮುಚ್ಚಿಹೋಗುವಷ್ಟು. ಒಳಗೆ ತಂದು ಟವೆಲ್ ಹೊದಿಸಿ, ಇಂಕ್ ಫಿಲ್ಲರಿನಲ್ಲಿ ಹಸುವಿನ ಹಾಲು ಬಿಟ್ಟೆ. ಮೂರನೆಯ ದಿನ ಸತ್ತಿತು. ಆ ಮೂರೂ ದಿನ ಒಂದು ಬೂದುಬಣ್ಣದ ಬೆಕ್ಕು ಮೆಟ್ಟಿಲ ಸುತ್ತ ಕೂಗುತ್ತ ತಿರುಗಿತು. ಅದು ಯಾಕೆ ಕೂಗುತ್ತಿದೆ ಎಂದು ನನಗೆ ಹೊಳೆದದ್ದು ತಡವಾಗಿ. ಆ ಮರಿ ಅನಾಥವಾಗಿರಲಿಲ್ಲ, ಅನಾಥ ಮಾಡಿದವನು ನಾನು.

ಬೀದಿಬೆಕ್ಕಿಗೆ ದಯೆ ತೋರುವುದು ಎಂದರೇನು? ಎತ್ತಿಕೊಳ್ಳುವುದು, ಹಾಲಿಡುವುದು ಎಂದು ನಾವು ಅಂದುಕೊಂಡಿದ್ದೇವೆ. ನನಗೀಗ ಇವೆರಡೂ ದಯೆಯ ಸುಲಭದ ತುದಿ ಅನ್ನಿಸುತ್ತದೆ. ಎತ್ತಿಕೊಳ್ಳುವ ಮೊದಲು ಸುಮ್ಮನೆ ಕಾಯುವುದು, ಹಾಲಿಟ್ಟ ಮೇಲೆ ಮರಿಯಾಗದಂತೆ ಆಪರೇಷನ್ ಮಾಡಿಸುವುದು, ಕಷ್ಟದ್ದು ಇವು. ಇವನ್ನು ಬಿಟ್ಟರೆ ಉಳಿದದ್ದು ನಮ್ಮ ಮನಸ್ಸಿನ ಸಮಾಧಾನ, ಅಷ್ಟೇ.

ಮರಿ ಬೆಚ್ಚಗಿದ್ದು ಹೊಟ್ಟೆ ತುಂಬಿಕೊಂಡಿದ್ದರೆ ತಾಯಿ ಹತ್ತಿರದಲ್ಲೇ ಇದೆ ಎಂದರ್ಥ. ದೂರ ನಿಂತು ಕೆಲವು ಗಂಟೆ ನೋಡಬೇಕು. ನಾವು ಎದುರಿಗೇ ಕೂತಿದ್ದರೆ ಅದು ಬರುವುದಿಲ್ಲ. ಮರಿ ತಣ್ಣಗಾಗಿದ್ದರೆ, ಇರುವೆ ಮುತ್ತಿದ್ದರೆ, ತಾಯಿ ಸತ್ತದ್ದು ಖಾತ್ರಿಯಾದರೆ ಮಾತ್ರ ಕೈ ಹಾಕಬೇಕು. ಹಾಗೆ ತಂದ ಮರಿಗೂ ಮೊದಲು ಬೇಕಾದದ್ದು ಹಾಲಲ್ಲ, ಕಾವು. ಮೈ ತಣ್ಣಗಿರುವ ಮರಿಗೆ ಹೊಟ್ಟೆಗೆ ಹೋದದ್ದು ಜೀರ್ಣವಾಗುವುದಿಲ್ಲ. ಹುಟ್ಟಿದಾಗ ಅದರ ತೂಕ ಹೆಚ್ಚುಕಡಿಮೆ 100 ಗ್ರಾಂ, ತನ್ನ ಮೈಯ ಕಾವನ್ನು ತಾನೇ ಕಾಯ್ದುಕೊಳ್ಳಲು ಅದಕ್ಕೆ ಮೂರು ನಾಲ್ಕು ವಾರ ಬೇಕು. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಮೈ ಬೆಚ್ಚಗಾದ ಮೇಲೆ ಬೆಕ್ಕಿನ ಮರಿಗೆಂದೇ ಬರುವ ಹಾಲಿನ ಪುಡಿ ಕದಡಿ ಕೊಡಬೇಕು. ಹಸುವಿನ ಹಾಲಿನಲ್ಲಿ ಬೆಕ್ಕಿನ ಹಾಲಿನಷ್ಟು ಪ್ರೋಟೀನೂ ಕೊಬ್ಬೂ ಇಲ್ಲ, ಭೇದಿ ಬೇರೆ. ಕುಡಿಸುವಾಗ ಕೂಸಿನಂತೆ ಅಂಗಾತ ಮಲಗಿಸಬಾರದು, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹೊಟ್ಟೆ ಕೆಳಗಾಗಿಯೇ ಇರಲಿ. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸದಿದ್ದರೆ ಮೂತ್ರವೂ ಬರುವುದಿಲ್ಲ. ತಾಯಿ ನಾಲಿಗೆಯಿಂದ ಮಾಡುವ ಕೆಲಸ ಅದು. ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ ಇಷ್ಟೂ ಆಗಬೇಕು, ನಡುರಾತ್ರಿಯೂ ಸೇರಿ. ಶ್ರೀವೈಷ್ಣವರಲ್ಲಿ ತೆಂಗಲೆಯವರು ಶರಣಾಗತಿಗೆ ಮಾರ್ಜಾಲ ನ್ಯಾಯವನ್ನು ಹೇಳುತ್ತಾರೆ: ಮರಿ ಏನೂ ಮಾಡಬೇಕಿಲ್ಲ, ತಾಯಿಯೇ ಕಚ್ಚಿ ಒಯ್ಯುತ್ತದೆ. ಮರಿಯ ಪಾತ್ರ ಸುಲಭ. ತಾಯಿಯ ಪಾತ್ರ ವಹಿಸಿದವರಿಗೆ ನಿದ್ದೆಯಿಲ್ಲ.

ನಮ್ಮ ಊರಿನ ಕಥೆ ಇನ್ನೊಂದು ಥರದ್ದು. ಕಾಳಿ ನದಿಯ ವಿದ್ಯುತ್ ಯೋಜನೆಗೆಂದು ಕಾಡಿನ ನಡುವೆ ಎದ್ದ ಊರಿದು. ಕೆಳಗೆ ನಾಗಝರಿ ವಿದ್ಯುದಾಗಾರ, ಮೇಲೆ ಕ್ವಾರ್ಟರ್ಸ್ ಸಾಲು. ಇಲ್ಲಿಗೆ ಬರುವುದೂ ವರ್ಗಾವಣೆಯಿಂದ, ಹೋಗುವುದೂ ವರ್ಗಾವಣೆಯಿಂದ, ಇಲ್ಲವೇ ನಿವೃತ್ತಿಯಿಂದ. ಹೋಗುವ ದಿನ ಲಾರಿಗೆ ಕಪಾಟು ಏರುತ್ತದೆ, ತುಳಸಿ ಕುಂಡವೂ ಏರುತ್ತದೆ. ಬೆಕ್ಕು ಕಟ್ಟೆಯ ಮೇಲೆ ಕೂತು ನೋಡುತ್ತಿರುತ್ತದೆ. ‘ನಾಯಿ ಯಜಮಾನನದು, ಬೆಕ್ಕು ಮನೆಯದು’ ಎಂದು ಹೇಳಿ ಹೊರಟುಬಿಡುತ್ತಾರೆ. ಒಲೆ ಆರಿ ಬೀಗ ಬಿದ್ದ ಮೇಲೆ ಅದು ಯಾವ ಮನೆ? ಒಂದು ಮನೆಯಲ್ಲಿ ಬೆಕ್ಕು, ಪಕ್ಕದ ಮರಾಠಿಯವರ ಮನೆಯಲ್ಲಿ ಮಾಂಜರ ಎನ್ನಿಸಿಕೊಂಡು ಎರಡೂ ಕಡೆ ಮೀನಿನ ಮುಳ್ಳು ತಿಂದು ಬೆಳೆದ ಪ್ರಾಣಿ, ತಟ್ಟೆಯ ಸದ್ದಿಗಾಗಿ ಖಾಲಿ ಬಾಗಿಲ ಮುಂದೆ ವಾರಗಟ್ಟಲೆ ಕಾಯುವುದನ್ನು ನೋಡಿದ್ದೇನೆ. ಸಾಕಿದ ಪ್ರಾಣಿಯನ್ನು ಹಸಿದು ನರಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ಆ ಕಾಯ್ದೆ ಮೊದಲ ತಪ್ಪಿಗೆ ಬರೆದ ದಂಡ 10 ರೂಪಾಯಿಯಿಂದ 50 ರೂಪಾಯಿ. ಲಾರಿಯವನ ಚಹಾದ ಖರ್ಚು.

‘ನಿಸರ್ಗಕ್ಕೆ ಬಿಟ್ಟುಬಿಡಿ, ಬದುಕಿದರೆ ಬದುಕುತ್ತದೆ’ ಎನ್ನುವವರೂ ಇದ್ದಾರೆ. ಇಲ್ಲಿ ಆ ಮಾತು ಒಪ್ಪುವುದಿಲ್ಲ. ಮನೆಬೆಕ್ಕು ಈ ಕಾಡಿನದಲ್ಲ, ನಮ್ಮ ಹಾಗೆಯೇ ವಲಸೆ ಬಂದದ್ದು. ಈ ಕಾಡಿನ ಬೆಕ್ಕುಗಳೇ ಬೇರೆ. 2007ರಲ್ಲಿ ಅಣಶಿ-ದಾಂಡೇಲಿ ಹುಲಿ ಮೀಸಲು ಪ್ರದೇಶವಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದ ಕಾಡಿನಲ್ಲಿ ಹುಲಿ, ಚಿರತೆ, ಕರಿಚಿರತೆಗಳ ಜೊತೆ ಚಿರತೆಬೆಕ್ಕೂ ಕಾಡುಬೆಕ್ಕೂ ಇವೆ. ಲಸಿಕೆ ಕಾಣದ ಮನೆಬೆಕ್ಕಿನ ರೋಗಗಳು ಅವಕ್ಕೂ ಅಂಟಬಲ್ಲವು. ಸ್ಕಾಟ್ಲೆಂಡಿನ ಕಾಡುಬೆಕ್ಕು ಮನೆಬೆಕ್ಕಿನೊಡನೆ ಬೆರೆತು ಬೆರೆತು, ಶುದ್ಧ ತಳಿಯೇ ಅಳಿವಿನ ಅಂಚಿಗೆ ಬಂದಿದೆ. ಬೆಕ್ಕಿಗೆ ಹೊಟ್ಟೆ ತುಂಬ ಅನ್ನ ಹಾಕಿದರೆ ಬೇಟೆ ಬಿಡುತ್ತದೆಂಬ ಭರವಸೆಯೂ ಬೇಡ. ಉಂಡ ಬೆಕ್ಕೂ ಓತಿಯನ್ನು ಹಿಡಿಯುತ್ತದೆ, ತಿನ್ನುವುದಿಲ್ಲ, ಆಡಿಸುತ್ತದೆ.

ಹಾಗಾದರೆ ಅನ್ನ ಹಾಕುವುದೇ ತಪ್ಪೇ? ತಪ್ಪಲ್ಲ, ಅರ್ಧ ಕೆಲಸ. ಹೆಣ್ಣುಬೆಕ್ಕು ನಾಲ್ಕೈದು ತಿಂಗಳಿಗೇ ಗಬ್ಬವಾಗಬಲ್ಲದು. ಗಬ್ಬ ಒಂಬತ್ತು ವಾರ. ಮರಿಗಳು ಮೊಲೆ ಬಿಡುವ ಮೊದಲೇ ಮತ್ತೆ ಬೆದೆಗೆ ಬರುವುದೂ ಉಂಟು. ನಾವು ಹಾಕುವ ತುತ್ತು ಆ ಚಕ್ರವನ್ನು ತಿರುಗಿಸುತ್ತದೆ, ಮರಿಗಳಲ್ಲಿ ಹೆಚ್ಚಿನವು ಮಳೆಗೆ, ನಾಯಿಗೆ, ರೋಗಕ್ಕೆ ಹೋಗುತ್ತವೆ. ಹೀಗೆ ಸಾಯಲೆಂದು ಹುಟ್ಟುವ ಮರಿಗಳನ್ನು ಹುಟ್ಟದಂತೆ ತಡೆಯುವುದು ಕ್ರೌರ್ಯವೆಂದು ನನಗೆ ಒಂದು ಕಾಲಕ್ಕೆ ಅನ್ನಿಸಿತ್ತು. ಆ ಫಿಲ್ಲರಿನ ಮರಿಯನ್ನು ಹೂತ ಮೇಲೆ ಅನ್ನಿಸುವುದಿಲ್ಲ.

ಕಳೆದ ವರ್ಷ ಮೂರುಬಣ್ಣದ ಒಂದು ಹೆಣ್ಣನ್ನು ಮುಚ್ಚಳವಿದ್ದ ಬುಟ್ಟಿಯಲ್ಲಿ ಹಾಕಿ ಧಾರವಾಡಕ್ಕೆ ಒಯ್ದು ಆಪರೇಷನ್ ಮಾಡಿಸಿ ತಂದೆವು. ದಾರಿಯುದ್ದಕ್ಕೂ ಬಸ್ಸಿನವರೆಲ್ಲ ತಿರುಗಿ ನೋಡುವಂತೆ ಕೂಗಿತು. ಆಪರೇಷನ್ ಆದದ್ದಕ್ಕೆ ಗುರುತಾಗಿ ಎಡಗಿವಿಯ ತುದಿ ಚೂರು ಕತ್ತರಿಸುತ್ತಾರೆ. ದಿನಾ ಅದಕ್ಕೆ ಹಾಲಿಡುತ್ತಿದ್ದ ಪಕ್ಕದ ಓಣಿಯ ಅಜ್ಜಿ ಕಿವಿ ನೋಡಿ ಗಾಬರಿಯಾದರು.

“ಅಯ್ಯ ಪಾಪ, ಯಾರ್ ಕತ್ತರಿಸ್ಯಾರ್ರೀ ಇದರ ಕಿವೀನ?”

ಹೇಳಿದೆ. ಬಹಳ ಹೊತ್ತು ಸುಮ್ಮನೆ ಬೆಕ್ಕಿನ ಬೆನ್ನು ಸವರಿದರು. ಆಮೇಲೆ ಒಳಗೆ ಹೋಗಿ ಬಿದಿರಿನ ಬುಟ್ಟಿಯೊಂದನ್ನು ತಂದು ನನ್ನ ಮುಂದಿಟ್ಟರು.

“ನಮ್ಮ ಹಿತ್ತಲದಾಗ ಇನ್ನೂ ಎರಡು ಅದಾವು. ಬಸ್ಸಿನ್ಯಾಗ ಬೆಕ್ಕಿಗೂ ಟಿಕೀಟ್ ತಗೋತಾರೇನ್ರೀ?”