ಸಹಿ ದೆಹಲಿಯದು, ಹೊಲ ನಮ್ಮದು!

ಸಂವಿಧಾನದ ರಾಜ್ಯ ಪಟ್ಟಿಯ 14ನೇ ನಮೂದು ತೆಗೆದು ನೋಡಿ. ಕೃಷಿ ರಾಜ್ಯದ್ದು ಅಂತ ಅಚ್ಚಾಗಿದೆ. ಈಗ 253ನೇ ವಿಧಿ ಓದಿ. ಹೊರದೇಶದ ಜೊತೆ ಒಪ್ಪಂದವಾದರೆ ಅದನ್ನು ಜಾರಿಗೆ ತರಲು ಪಾರ್ಲಿಮೆಂಟು ಯಾವ ವಿಷಯದ ಮೇಲಾದರೂ ಕಾನೂನು ಮಾಡಬಹುದು, ರಾಜ್ಯ ಪಟ್ಟಿಯದಾದರೂ ಸರಿ! ಮುಂಬಾಗಿಲಲ್ಲಿ ಕೊಟ್ಟು ಹಿತ್ತಿಲ ಬಾಗಿಲಲ್ಲಿ ಕಿತ್ತುಕೊಂಡ ಹಾಗೆ. ಇನ್ನು ಸಹಿ ಹಾಕಲು ಪಾರ್ಲಿಮೆಂಟಿನ ಒಪ್ಪಿಗೆಯೂ ಬೇಕಿಲ್ಲ. ಕೇಂದ್ರ ಮಂತ್ರಿಮಂಡಲ ಹೂಂ ಅಂದರೆ ಮುಗಿಯಿತು.

ನಾನು ಪಿಯುಸಿ ಓದಿ ಪ್ರೆಸ್ ಹಾಕಿದವನು, ವಕೀಲನಲ್ಲ. ಆದರೆ ಕರಾರುಪತ್ರ ಅಚ್ಚು ಹಾಕಿ ಹಾಕಿ ಒಂದು ಗೊತ್ತಾಗಿದೆ: ಸಹಿ ಹಾಕುವವನೊಬ್ಬ, ಸಾಲ ತೀರಿಸುವವನು ಇನ್ನೊಬ್ಬ ಆದರೆ ಆ ಮನೆ ಉಳಿಯುವುದಿಲ್ಲ.

1993ರ ಅಕ್ಟೋಬರ್ 2ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ಕರೆಗೆ ರೈತರು ಬೆಂಗಳೂರಿನಲ್ಲಿ ಸೇರಿ ಡಂಕೆಲ್ ಪ್ರಸ್ತಾವ ಬೇಡ ಎಂದು ಕೂಗಿದರು. 1994ರ ಏಪ್ರಿಲ್ 15ರಂದು ದೆಹಲಿ ದೊರೆಗಳು ಮರಕೇಶಿಗೆ ಹೋಗಿ ಸಹಿ ಹಾಕಿ ಬಂದರು! 1998ರಲ್ಲಿ ಶ್ರೀಲಂಕಾ ಜೊತೆ ಮುಕ್ತ ವ್ಯಾಪಾರ ಒಪ್ಪಂದವಾಯಿತು. ಆಮೇಲೆ ವಿಯೆಟ್ನಾಮಿನ ಮೆಣಸು ಲಂಕೆಯ ಹೆಸರಲ್ಲಿ ಒಳಗೆ ಬರುತ್ತಿದೆ ಎಂದು ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಬಾಯಿ ಬಡಿದುಕೊಂಡರು. ಕೇಂದ್ರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿದ್ದು ಯಾವಾಗ? 2017ರ ಡಿಸೆಂಬರ್‌ನಲ್ಲಿ. ಆಮದು ಸುಂಕ ಕೇಂದ್ರದ ವಿಷಯ, ಒಪ್ಪೋಣ. ಮೆಣಸಿನ ಬಳ್ಳಿ ಯಾರದು ಸ್ವಾಮಿ?

ಬೆಲ್ಜಿಯಂ ನೋಡಿ. ಭಾಷೆಗಳ ಜಗಳದಲ್ಲೇ ಒಕ್ಕೂಟವಾದ ದೇಶ. 1993ರ ಸಂವಿಧಾನ ತಿದ್ದುಪಡಿಯಲ್ಲಿ ತಮ್ಮ ಪಾಲಿನ ವಿಷಯಗಳ ಒಪ್ಪಂದದಲ್ಲಿ ಪ್ರಾಂತ್ಯಗಳಿಗೂ ಅಧಿಕಾರ ಸಿಕ್ಕಿತು. 2016ರ ಅಕ್ಟೋಬರ್‌ನಲ್ಲಿ ಫ್ರೆಂಚ್ ಮಾತಾಡುವ ವಲೋನಿಯ ಎಂಬ ಪ್ರಾಂತ್ಯ, ಜನಸಂಖ್ಯೆ ಬರೀ 36 ಲಕ್ಷ, ಇಡೀ ಯುರೋಪ್ ಒಕ್ಕೂಟ ಕೆನಡಾ ಜೊತೆ ಮಾಡಲಿದ್ದ ಒಪ್ಪಂದವನ್ನು ತಡೆದು ನಿಲ್ಲಿಸಿತು. ರೈತರ ರಕ್ಷಣೆಗೆ ಭರವಸೆ ಬರೆಸಿಕೊಂಡ ಮೇಲೇ ಬಿಟ್ಟಿತು. ಬೆಲ್ಜಿಯಂ ಒಡೆದು ಹೋಯಿತೇ? ಇಲ್ಲ.

ನಮ್ಮಲ್ಲಿ ಇಷ್ಟು ಕೇಳಿದರೆ ಸಾಕು, 'ಪ್ರತ್ಯೇಕತಾವಾದಿಗಳು' ಎಂಬ ಪಟ್ಟ! ಹಾಗೆನ್ನುವವರು 2002ರಲ್ಲಿ ಬಂದ ಸಂವಿಧಾನ ಪರಾಮರ್ಶೆ ಆಯೋಗದ ವರದಿ ಓದಲಿ. ಅದರ ಅಧ್ಯಕ್ಷರು ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ, ನಮ್ಮ ಬೆಂಗಳೂರಿನವರೇ. ರಾಜ್ಯಗಳ ಹಿತಕ್ಕೆ ತಟ್ಟುವ ಒಪ್ಪಂದಕ್ಕೆ ಮುಂಚೆ ಅಂತರ-ರಾಜ್ಯ ಪರಿಷತ್ತಿನೊಂದಿಗೆ ಸಮಾಲೋಚನೆ ಪರಿಶೀಲಿಸಿ ಎಂದಿತು ಆಯೋಗ. ಆ ಪರಿಷತ್ತಿನ ಗತಿಯೇನು? 2006ರಲ್ಲಿ ಒಂದು ಸಭೆ, ಮುಂದಿನದು 2016ರಲ್ಲಿ!

ಹಳೆಯ ಜಗತ್ತು ಈಗಿಲ್ಲ. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಶೇ. 50 ಸುಂಕ ಹೇರಿತು. ಕೃಷಿ ಮಾರುಕಟ್ಟೆ ತೆರೆಯಿರಿ ಎಂಬುದು ಅದರ ಹಳೆಯ ಪಟ್ಟು. 2019ರ ನವೆಂಬರ್‌ನಲ್ಲಿ ಆರ್‌ಸಿಇಪಿ ಒಪ್ಪಂದದಿಂದ ಭಾರತ ಹಿಂದೆ ಸರಿದದ್ದು ನೆನಪಿದೆಯೇ? ಅದಕ್ಕೆ ಮುಂಚೆ ಹಾಲಿನ ರೈತರು ಬೀದಿಗಿಳಿದಿದ್ದರು. ಸಂಧಾನದ ಮೇಜಿನಲ್ಲಿ "ನಮ್ಮ ರಾಜ್ಯಗಳು ಒಪ್ಪಬೇಕು" ಎನ್ನುವುದು ದೆಹಲಿಯ ದೌರ್ಬಲ್ಯವಲ್ಲ, ಕೈಯಲ್ಲಿನ ದೊಣ್ಣೆ. ಅಮೆರಿಕದ ಅಧ್ಯಕ್ಷರೂ ಸಂಧಿಗಳಿಗೆ ಸೆನೆಟ್ಟಿನ ಮೂರನೇ ಎರಡು ಬಹುಮತದ ಮಾತು ಮುಂದಿಡುತ್ತಾರಲ್ಲ!

253ನೇ ವಿಧಿಗೆ ಒಂದು ಸಾಲು ಸೇರಲಿ: ರಾಜ್ಯ ಪಟ್ಟಿಯ ವಿಷಯವಿದ್ದರೆ ಸಹಿಗೆ ಮುಂಚೆ ರಾಜ್ಯಗಳ ಅಭಿಪ್ರಾಯ ಕೇಳಬೇಕು, ಪಾರ್ಲಿಮೆಂಟು ಒಪ್ಪಬೇಕು. ಲೋಕಸಭೆಗೆ ನಾವು ಕಳಿಸುವವರು 28 ಮಂದಿ. ವೋಟು ಕೇಳಲು ಬಂದಾಗ ಈ ಒಂದು ಸಾಲಿನ ಬಗ್ಗೆ ಅವರ ಬಾಯಿ ಬಿಡಿಸಿ.